ಉದ್ಯಮದ ಸಾಮಾಜಿಕ ಹೊಣೆ ಮತ್ತು ನಮ್ಮ ಮಹಾಪ್ರಬಂಧಗಳು

ವಾಣಿಜ್ಯ ಮತ್ತು ಆಡಳಿತ ನಿರ್ವಹಣ ಶಾಸ್ತ್ರಗಳಲ್ಲಿ ಪಿಎಚ್.ಡಿ. ಪದವಿಗಾಗಿ ಸಿದ್ಧವಾಗುತ್ತಿರುವ ಮಹಾಪ್ರಬಂಧಗಳಲ್ಲಿ ಉದ್ಯಮಗಳ ಸಾಮಾಜಿಕ ಹೊಣೆಗಾರಿಕೆ, ಸುಸ್ಥಿರತೆ ಎಂಬ ಎರಡು ವಿಷಯಗಳಿಗೆ ಈಚಿನ ವರ್ಷಗಳಲ್ಲಿ ದೊರೆತಿರುವ ಪ್ರಾಶಸ್ತ್ಯ ಗಮನಾರ್ಹವಾದುದು. ವಿಶ್ವವಿದ್ಯಾನಿಲಯಗಳ ಪ್ರಬಂಧಗಳನ್ನು ಸಂಗ್ರಹಿಸಿಟ್ಟಿರುವ 'ಶೋಧಗಂಗಾ' ಭಂಡಾರವನ್ನು ತೆರೆದು ನೋಡಿದವರಿಗೆ ಈ ಮಾತಿನ ನಿಜ ತಿಳಿಯದೆ ಇರದು. ವಿಷಯ ಯೋಗ್ಯವಾದುದೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅದನ್ನು ನಮ್ಮ ಸಂಶೋಧಕರು ಹಿಡಿದಿರುವ ದಾರಿ ಗುರಿಗೆ ಒಯ್ಯುವಂಥದೇ ಎಂಬುದನ್ನು ಪರ್ಯಾಲೋಚಿಸುವ ಅಗತ್ಯವಿದೆ.

ಈ ಪ್ರಾಶಸ್ತ್ಯದ ಕಾರಣವನ್ನು ಬಹುದೂರ ಹುಡುಕಬೇಕಾಗಿಲ್ಲ. ೨೦೧೩ರ ಕಂಪೆನಿ ಕಾಯಿದೆಯ ೧೩೫ನೆಯ ಕಲಮು ೨೦೧೪ರ ಏಪ್ರಿಲ್ ೧ರಂದು ಜಾರಿಗೆ ಬಂದಿತು. ೫೦೦ ಕೋಟಿ ರೂಪಾಯಿಗಳ ನಿವ್ವಳ ಸಂಪತ್ತು, ೧,೦೦೦ ಕೋಟಿಯ ವಹಿವಾಟು, ೫ ಕೋಟಿಯ ನಿವ್ವಳ ಲಾಭ, ಈ ಮೂರರಲ್ಲಿ ಯಾವುದೊಂದನ್ನು ಮುಟ್ಟಿದರೂ ಕಂಪೆನಿಯು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದಲ್ಲಿ ಶೇಕಡಾ ೨ರಷ್ಟನ್ನು ಸಮಾಜದ ಕೆಲಸಗಳಿಗೆ ವಿನಿಯೋಗಿಸಬೇಕೆಂದು ಅದು ವಿಧಿಸಿತು. ಮೊದಮೊದಲು, ವೆಚ್ಚ ಮಾಡದಿದ್ದರೆ ಕಾರಣ ಹೇಳಿದರೆ ಸಾಕಾಗಿತ್ತು. ೨೦೨೧ರ ಜನವರಿಯಿಂದ ಉಳಿದ ಹಣವನ್ನು ಪ್ರತ್ಯೇಕ ಖಾತೆಗೋ ಗೊತ್ತುಪಡಿಸಿದ ನಿಧಿಗೋ ಸಲ್ಲಿಸಬೇಕಾಯಿತು. ಇನ್ನೊಂದೆಡೆ, ಷೇರುಪೇಟೆಯ ನಿಯಂತ್ರಣ ಮಂಡಲಿಯಾದ ಸೆಬಿಯು ೨೦೧೨ರಲ್ಲಿ ೧೦೦ ದೊಡ್ಡ ಕಂಪೆನಿಗಳಿಂದ ಹೊಣೆಗಾರಿಕೆಯ ವರದಿಯನ್ನು ಬಯಸಿತು. ೨೦೨೨-೨೩ರಿಂದ ಸುಸ್ಥಿರತೆಯ ವಿವರಗಳನ್ನೂ ಒಳಗೊಂಡ ವರದಿ ೧,೦೦೦ ಕಂಪೆನಿಗಳಿಗೆ ಕಡ್ಡಾಯವಾಯಿತು. ಹೀಗಾಗಿ, ಕುಳಿತಲ್ಲಿಯೇ ದೊರೆಯುವ ಅಂಕಿ ಅಂಶಗಳ ದೊಡ್ಡ ರಾಶಿಯೊಂದು ಸಂಶೋಧಕರ ಮುಂದೆ ಬಂದು ಬಿದ್ದಿತು.

ಈ ವರ್ಗದ ಪ್ರಬಂಧಗಳ ಮೈಕಟ್ಟು ಬಹುಮಟ್ಟಿಗೆ ಒಂದೇ. ಮೊದಲ ಅಧ್ಯಾಯದಲ್ಲಿ ೧೯೫೩ರಲ್ಲಿ ಬೋವೆನ್ ಬರೆದ ಗ್ರಂಥ, ೧೯೭೦ರಲ್ಲಿ ಫ್ರೀಡ್‌ಮನ್ ಎತ್ತಿದ ಆಕ್ಷೇಪ, ೧೯೮೭ರ ಬ್ರಂಟ್‌ಲಾಂಡ್ ವರದಿ, ೧೯೯೧ರಲ್ಲಿ ಕ್ಯಾರೊಲ್ ರಚಿಸಿದ ಪಿರಮಿಡ್, ಇವುಗಳ ಪರಿಚಯ. ಬಳಿಕ ಕೆಲವು ಕಂಪೆನಿಗಳ ಆಯ್ಕೆ. ಅವುಗಳ ವಾರ್ಷಿಕ ವರದಿಗಳಲ್ಲಿ ಶಿಕ್ಷಣ, ಆರೋಗ್ಯ, ಪರಿಸರ ಮೊದಲಾದ ಬಾಬುಗಳ ಪ್ರಸ್ತಾಪವಿದ್ದರೆ ಒಂದು ಅಂಕ, ಇಲ್ಲದಿದ್ದರೆ ಸೊನ್ನೆ. ಅಂಕಗಳ ಮೊತ್ತವನ್ನು ಲಾಭದ ಪ್ರಮಾಣದೊಡನೆ ಹೋಲಿಸಿ, ಎರಡಕ್ಕೂ ಸಂಬಂಧವಿದೆಯೆ ಇಲ್ಲವೆ ಎಂಬ ನಿರ್ಣಯ. ಕೊನೆಯಲ್ಲಿ ಸರ್ಕಾರಕ್ಕೂ ಉದ್ಯಮಕ್ಕೂ ಕೆಲವು ಸಲಹೆಗಳು. ಈ ವಿಧಾನಕ್ಕೆ ಅದರದೇ ಉಪಯೋಗವಿದೆ. ಯಾವ ಉದ್ಯಮ ಏನನ್ನು ಹೇಳಿಕೊಳ್ಳುತ್ತಿದೆ ಎಂಬುದನ್ನು ಅದು ತಿಳಿಸುತ್ತದೆ. ಆದರೆ ಹೇಳಿಕೊಂಡದ್ದು ಮತ್ತು ಮಾಡಿದ್ದು ಒಂದೇ ಅಲ್ಲ. ತನ್ನ ಬೆನ್ನು ತನಗೆ ಕಾಣದು ಎಂಬ ಗಾದೆ ವ್ಯಕ್ತಿಗೆ ಎಷ್ಟು ಸಲ್ಲುವುದೋ ಸಂಸ್ಥೆಗೂ ಅಷ್ಟೇ ಸಲ್ಲುತ್ತದೆ. ವರದಿಯನ್ನು ಮಾತ್ರ ಓದಿದವನು ಉದ್ಯಮದ ಮಾತನ್ನು ಅಳೆದಂತಾಯಿತೇ ಹೊರತು ಅದರ ಹೊಣೆಯನ್ನಲ್ಲ.

ಅಳತೆಯಲ್ಲಿಯೂ ಎಡವುವ ಎರಡು ಎಡೆಗಳಿವೆ. ಲೆಕ್ಕಪತ್ರದ ವೃತ್ತಿಯಲ್ಲಿರುವವರಿಗೆ ಅವು ಬೇಗ ಕಣ್ಣಿಗೆ ಬೀಳುತ್ತವೆ. ಮೊದಲನೆಯದು ಲಾಭ ಮತ್ತು ವೆಚ್ಚಗಳ ಸಂಬಂಧ. ೨೦೧೪ರ ಬಳಿಕ ಸಾಮಾಜಿಕ ವೆಚ್ಚದ ಕನಿಷ್ಠ ಮೊತ್ತವನ್ನು ಗೊತ್ತುಮಾಡುವುದೇ ಹಿಂದಿನ ಲಾಭ. ಹೀಗಿರುವಾಗ, ಹೆಚ್ಚು ಲಾಭ ಗಳಿಸಿದ ಕಂಪೆನಿ ಹೆಚ್ಚು ವೆಚ್ಚ ಮಾಡಿತೆಂಬುದನ್ನು ಸಂಖ್ಯಾಶಾಸ್ತ್ರದ ಸೂತ್ರಗಳಿಂದ ಸಾಧಿಸಿ, ಅದನ್ನು ಹೊಸ ಸತ್ಯವೆಂದು ಮಂಡಿಸುವುದು ಕಾಯಿದೆಯ ವಾಕ್ಯವನ್ನೇ ಸುತ್ತುದಾರಿಯಲ್ಲಿ ಮರಳಿ ಹೇಳಿದಂತೆ. ಹತ್ತು ರೂಪಾಯಿಗೆ ಇಷ್ಟು ಬಡ್ಡಿ ಎಂದು ನಿಗದಿಯಾಗಿರುವಲ್ಲಿ, ಅಸಲು ಹೆಚ್ಚಿದರೆ ಬಡ್ಡಿ ಹೆಚ್ಚುವುದೆಂದು ಕಂಡುಹಿಡಿಯಲು ಸಂಶೋಧನೆ ಬೇಕೆ? ಕಾಯಿದೆಗೆ ಮುಂಚಿನ ನಡೆವಳಿಯನ್ನು ನಂತರದ ನಡೆವಳಿಯೊಡನೆ ಹೋಲಿಸಿದರೆ, ಅಥವಾ ಕಾರಣ ಹೇಳಿ ಪಾರಾಗಬಹುದಾಗಿದ್ದ ೨೦೧೪-೨೦೨೦ರ ಕಾಲವನ್ನು ಅನಂತರದ ಕಾಲದೊಡನೆ ಹೋಲಿಸಿದರೆ, ಅಲ್ಲಿ ನಿಜವಾದ ಪ್ರಶ್ನೆ ಹುಟ್ಟುತ್ತದೆ: ಬಲವಂತವಿಲ್ಲದಾಗ ಯಾರು ಕೊಟ್ಟರು?

ಎರಡನೆಯದು ಬ್ಯಾಂಕುಗಳ ಹೋಲಿಕೆ. ಸರ್ಕಾರಿ ವಲಯದ ಬ್ಯಾಂಕುಗಳನ್ನೂ ಖಾಸಗಿ ಬ್ಯಾಂಕುಗಳನ್ನೂ ಒಂದೇ ಕೋಷ್ಟಕದಲ್ಲಿಟ್ಟು, ಯಾವುದು ಹೆಚ್ಚು ಉದಾರಿ ಎಂದು ತೂಗುವುದುಂಟು. ಖಾಸಗಿ ಬ್ಯಾಂಕುಗಳು ಕಂಪೆನಿ ಕಾಯಿದೆಗೆ ಒಳಪಟ್ಟವು. ಸ್ಟೇಟ್ ಬ್ಯಾಂಕು ೧೯೫೫ರ ತನ್ನದೇ ಕಾಯಿದೆಯಿಂದಲೂ, ರಾಷ್ಟ್ರೀಕೃತ ಬ್ಯಾಂಕುಗಳು ೧೯೭೦ ಮತ್ತು ೧೯೮೦ರ ಕಾಯಿದೆಗಳಿಂದಲೂ ರೂಪುಗೊಂಡವು. ಇವುಗಳಿಗೆ ೧೩೫ನೆಯ ಕಲಮು ಅನ್ವಯಿಸುವುದೇ ಇಲ್ಲ. ಒಬ್ಬನು ಕಟ್ಟಿದ್ದು ಕಂದಾಯ, ಇನ್ನೊಬ್ಬನು ಕೊಟ್ಟದ್ದು ಕಾಣಿಕೆ; ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ಔದಾರ್ಯವನ್ನು ತೀರ್ಮಾನಿಸುವುದು ಹೇಗೆ?

ಇವು ವಿಧಾನದ ದೋಷಗಳು, ತಿದ್ದಿಕೊಳ್ಳಬಹುದು. ಇವಕ್ಕಿಂತ ಆಳವಾದ ಕೊರತೆ ವಿಷಯದ ವ್ಯಾಖ್ಯೆಯಲ್ಲಿಯೇ ಇದೆ. ಕಂಪೆನಿಯು ತನ್ನ ದೈನಂದಿನ ವ್ಯವಹಾರದ ಅಂಗವಾಗಿ ನಡೆಸುವ ಚಟುವಟಿಕೆಗಳು ಸಾಮಾಜಿಕ ಹೊಣೆಗಾರಿಕೆಯ ಲೆಕ್ಕಕ್ಕೆ ಬರುವುದಿಲ್ಲವೆಂದು ನಿಯಮಗಳು ಹೇಳುತ್ತವೆ. ವ್ಯಾಪಾರದ ಖರ್ಚನ್ನೇ ಸೇವೆಯೆಂದು ತೋರಿಸದಂತೆ ತಡೆಯುವುದಕ್ಕೆ ಇದು ತಕ್ಕ ನಿಯಮವೇ. ಆದರೆ ಕಾಯಿದೆಯ ಈ ಬೇಲಿಯನ್ನು ಸಂಶೋಧಕನು ತನ್ನ ವಿಚಾರದ ಬೇಲಿಯನ್ನಾಗಿ ಮಾಡಿಕೊಂಡರೆ, ಖರ್ಚಾದ ಶೇಕಡಾ ೨ ಮಾತ್ರ ಅವನಿಗೆ ಕಾಣುತ್ತದೆ. ಲಾಭವೆಲ್ಲ ಬಂದ ಬಗೆ ಕಾಣುವುದಿಲ್ಲ. ಹಲವು ಪ್ರಬಂಧಗಳ ಪೀಠಿಕೆಯಲ್ಲಿ ದಾಸೋಹ ತತ್ತ್ವದ ಉಲ್ಲೇಖ ಅಲಂಕಾರಕ್ಕಾಗಿ ಬರುತ್ತದೆ. ಶರಣರಲ್ಲಿ ದಾಸೋಹಕ್ಕೆ ಮೊದಲು ಕಾಯಕದ ಶುದ್ಧಿಯಿದೆ ಎಂಬುದನ್ನು ಅಲ್ಲಿಯೇ ಮರೆಯುತ್ತಾರೆ. ಆಯ್ದಕ್ಕಿ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಲಕ್ಕಮ್ಮ ಅದನ್ನು ಹಿಂದಿರುಗಿಸಿ ಬರಲು ಕಳುಹಿಸಿದಳೆಂಬ ಕಥೆ ನಮಗೆಲ್ಲ ತಿಳಿದುದೇ. ಲಕ್ಕಮ್ಮನ ಪ್ರಶ್ನೆ ಎಷ್ಟು ಜನರಿಗೆ ಉಣಬಡಿಸಿದೆವೆಂಬುದಲ್ಲ, ಅಕ್ಕಿ ಹೇಗೆ ಬಂತೆಂಬುದು.

ಈ ಪ್ರಶ್ನೆಯನ್ನು ಕೇಳಿದರೆ ಏನು ಕಾಣುವುದೆಂಬುದಕ್ಕೆ ತುಂಗಭದ್ರೆಯ ದಡದ ನಿದರ್ಶನವೊಂದು ಸಾಕು. ರಾಣೆಬೆನ್ನೂರು ತಾಲ್ಲೂಕಿನ ಕುಮಾರಪಟ್ಟಣದಲ್ಲಿ ಹರಿಹರ ಪಾಲಿಫೈಬರ್ಸ್ ಕಾರ್ಖಾನೆ ೧೯೭೦ರ ದಶಕದಲ್ಲಿ ಕೆಲಸ ಆರಂಭಿಸಿತು. ಅದು ಸಾವಿರಾರು ಜನರಿಗೆ ಉದ್ಯೋಗವಿತ್ತಿತು. ನೀಲಗಿರಿ ಮರದಿಂದ ರೇಯಾನಿಗೆ ಬೇಕಾದ ತಿರುಳನ್ನು ತೆಗೆಯುವ ಆ ಕಾರ್ಖಾನೆಯ ತ್ಯಾಜ್ಯದಿಂದ ಹೊಳೆ ಕೆಡುತ್ತಿದೆ, ಮೀನು ಸಾಯುತ್ತಿದೆ ಎಂಬ ಕೂಗು ೧೯೮೦ರ ದಶಕದಲ್ಲಿ ಎದ್ದಿತು. ೧೯೮೪ರಲ್ಲಿ ಆ ಸಂಸ್ಥೆಯೂ ರಾಜ್ಯ ಸರ್ಕಾರವೂ ಕೂಡಿ ಕರ್ನಾಟಕ ಪಲ್ಪ್‌ವುಡ್ ಎಂಬ ಕಂಪೆನಿಯನ್ನು ಸ್ಥಾಪಿಸಿ, ಹಳ್ಳಿಗರು ದನ ಮೇಯಿಸಿ ಸೌದೆ ತರುತ್ತಿದ್ದ ಸುಮಾರು ೩೦,೦೦೦ ಹೆಕ್ಟೇರು ಭೂಮಿಯಲ್ಲಿ ನೀಲಗಿರಿ ಬೆಳೆಸುವ ಯೋಜನೆ ಹಾಕಿದುವು. ಇದರ ವಿರುದ್ಧ ಶಿವರಾಮ ಕಾರಂತರು ಸಮಾಜ ಪರಿವರ್ತನ ಸಮುದಾಯದೊಡನೆ ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕರು. ೧೯೮೭ರ ನವೆಂಬರಿನಲ್ಲಿ ಕುಸನೂರಿನಲ್ಲಿ ಜನರು ನೀಲಗಿರಿ ಸಸಿಗಳನ್ನು ಕಿತ್ತು, ತಮಗೆ ಬೇಕಾದ ಸಸಿಗಳನ್ನು ನೆಟ್ಟು 'ಕಿತ್ತಿಕೊ-ಹಚ್ಚಿಕೊ' ಸತ್ಯಾಗ್ರಹ ನಡೆಸಿದರು. ೧೯೯೧ರಲ್ಲಿ ಆ ಕಂಪೆನಿಯನ್ನು ಮುಚ್ಚುವ ತೀರ್ಮಾನವಾಯಿತು.

ಇಂದಿನ ಪ್ರಬಂಧದ ಚೌಕಟ್ಟಿನಲ್ಲಿ ಈ ವೃತ್ತಾಂತವನ್ನಿಟ್ಟು ನೋಡಿರಿ. ಉದ್ಯೋಗಕ್ಕೆ ಒಂದು ಅಂಕ. ಹಸಿರು ಹೆಚ್ಚಿಸಿದ್ದಕ್ಕೆ ಒಂದು ಅಂಕ. ನೆಟ್ಟ ಸಸಿಗಳ ಸಂಖ್ಯೆ ಕೋಷ್ಟಕದಲ್ಲಿ ಕಾಣುವುದು. ಗೋಮಾಳ ಕಳೆದುಕೊಂಡ ದನಗಾಹಿ ಕಾಣುವುದಿಲ್ಲ. ಸಸಿಯನ್ನು ನೆಟ್ಟವನಿಗೂ ಅದನ್ನು ಕಿತ್ತವನಿಗೂ ಸುಸ್ಥಿರತೆಯೆಂಬ ಪದದ ಅರ್ಥ ಒಂದೇ ಆಗಿರಲಿಲ್ಲ. ಈ ಅರ್ಥಭೇದವೇ ಸಂಶೋಧನೆಯ ವಸ್ತುವಾಗಬೇಕಾದುದು.

ಎದುರು ನಿದರ್ಶನವೂ ನಮ್ಮ ನಾಡಿನಲ್ಲಿಯೇ ಇದೆ. ೧೯೨೫ರಲ್ಲಿ ಉಡುಪಿಯಲ್ಲಿ ಹುಟ್ಟಿ, ಮುಂದೆ ಸಿಂಡಿಕೇಟ್ ಬ್ಯಾಂಕೆಂದು ಹೆಸರಾಗಿ, ೨೦೨೦ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾದ ಸಂಸ್ಥೆಯು ೧೯೨೮ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿತು. ದಿನಕ್ಕೆ ಎರಡಾಣೆಯನ್ನು ಕೂಲಿಕಾರನ, ಸಣ್ಣ ಅಂಗಡಿಯವನ ಮನೆಬಾಗಿಲಿಗೆ ಹೋಗಿ ಸಂಗ್ರಹಿಸುವ ಯೋಜನೆಯದು. ಇದು ದಾನವಲ್ಲ, ಶುದ್ಧ ವ್ಯವಹಾರ. ಆದುದರಿಂದ ಇಂದಿನ ನಿಯಮದಂತೆ ಹೊಣೆಗಾರಿಕೆಯ ಲೆಕ್ಕಕ್ಕೆ ಒಂದು ಕಾಸೂ ಸೇರದು. ಆದರೆ ಬ್ಯಾಂಕಿನ ಬಾಗಿಲನ್ನೇ ಕಾಣದಿದ್ದ ಜನಕ್ಕೆ ಉಳಿತಾಯವನ್ನು ಕಲಿಸಿದ ಈ ಕೆಲಸಕ್ಕಿಂತ ದೊಡ್ಡ ಸಾಮಾಜಿಕ ಹೊಣೆ ಯಾವುದು? ಉದ್ಯಮವು ಮಾಡುವ ಕೇಡೂ ಒಳಿತೂ ಹೆಚ್ಚಾಗಿ ಅದರ ವ್ಯವಹಾರದ ಒಳಗೇ ಇರುತ್ತವೆ.

ಸಂಶೋಧಕರ ಕಷ್ಟಗಳನ್ನು ಅರಿಯದೆ ಈ ಮಾತು ಹೇಳುತ್ತಿಲ್ಲ. ೨೦೨೨ರ ಯುಜಿಸಿ ನಿಯಮಗಳಂತೆ ಪದವಿಗೆ ಕನಿಷ್ಠ ಮೂರು ವರ್ಷ, ಸಾಮಾನ್ಯವಾಗಿ ಗರಿಷ್ಠ ಆರು ವರ್ಷ. ಅನೇಕರು ಉದ್ಯೋಗದಲ್ಲಿದ್ದುಕೊಂಡು ರಾತ್ರಿ ಓದುವವರು. ಕಂಪೆನಿಗಳು ತಮ್ಮ ಕಡತಗಳನ್ನು ಪರಕೀಯರಿಗೆ ಸುಲಭವಾಗಿ ತೋರಿಸುವುದಿಲ್ಲ. ಕಾರ್ಖಾನೆಯ ಸುತ್ತಲಿನ ಹಳ್ಳಿಗಳಲ್ಲಿ ತಿರುಗಲು ಹಣವೂ ಬೇಕು, ಧೈರ್ಯವೂ ಬೇಕು. ಆದರೆ ಕಂಪೆನಿಯ ಅಪ್ಪಣೆಯಿಲ್ಲದೆಯೂ ದೊರೆಯಬಲ್ಲ ಸಾಮಗ್ರಿಯಿದೆ. ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಪಡೆಯಬೇಕಾದ ಕಾರ್ಖಾನೆಗಳು ಪ್ರತಿವರ್ಷ ಸೆಪ್ಟೆಂಬರ್ ೩೦ರೊಳಗೆ ಆ ಮಂಡಳಿಗೆ ಪರಿಸರ ವಿವರಣಪತ್ರವನ್ನು ಸಲ್ಲಿಸಬೇಕು. ೨೦೦೬ರ ಪರಿಸರ ಅಧಿಸೂಚನೆಯಂತೆ ದೊಡ್ಡ ಯೋಜನೆಗಳಿಗೆ ಸಾರ್ವಜನಿಕ ಅಹವಾಲು ಸಭೆ ನಡೆಯಬೇಕು, ಅದರ ನಡಾವಳಿ ಸ್ಥಳೀಯ ಭಾಷೆಯಲ್ಲಿಯೂ ಇರಬೇಕು. ಅಂದರೆ ಕರ್ನಾಟಕದಲ್ಲಿ ಉದ್ಯಮದ ಬಗ್ಗೆ ಜನರು ಆಡಿದ ಮಾತು ಕನ್ನಡದಲ್ಲಿಯೇ ದಾಖಲಾಗಿದೆ. ವಾರ್ಷಿಕ ವರದಿಯೊಡನೆ ಈ ಕಾಗದಗಳನ್ನಿಟ್ಟು ಓದಿದರೆ, ಎರಡರ ನಡುವಣ ಅಂತರವೇ ಒಂದು ಉತ್ತಮ ಪ್ರಬಂಧಕ್ಕೆ ಸಾಮಗ್ರಿಯಾದೀತು.

ಇಲ್ಲಿ ಹೊರನಾಡ ಕನ್ನಡಿಗರಿಗೆ ವಿಶೇಷವಾದ ಕರ್ತವ್ಯವೊಂದಿದೆ. ವರದಿ ಸಿದ್ಧವಾಗುವ ಊರು ಒಂದು, ಅದರ ಪರಿಣಾಮ ಕಾಣುವ ಊರು ಇನ್ನೊಂದು. ವರದಿ ಮುಂಬಯಿಯಂಥ ನಗರದ ಕಚೇರಿಯಲ್ಲಿ ಇಂಗ್ಲಿಷಿನಲ್ಲಿ ರಚಿತವಾಗುತ್ತದೆ. ಅಹವಾಲು ಹೊಳೆಯ ದಡದಲ್ಲಿ ಕನ್ನಡದಲ್ಲಿ ಕೇಳಿಬರುತ್ತದೆ. ಕಚೇರಿಯ ಭಾಷೆಯನ್ನೂ ದಡದ ಭಾಷೆಯನ್ನೂ ಬಲ್ಲವರು ನಮ್ಮ ನಡುವೆ ಅನೇಕರಿದ್ದಾರೆ. ಇಲ್ಲಿನ ವಿಶ್ವವಿದ್ಯಾನಿಲಯಗಳಲ್ಲಿ ಓದುತ್ತಿರುವ ನಮ್ಮ ತರುಣ ತರುಣಿಯರು ಮನೆಮಾತಾದ ಕನ್ನಡವನ್ನು ಸಂಶೋಧನೆಯ ಸಾಧನವೆಂದು ತಿಳಿದುಕೊಳ್ಳಲಿ. ಪ್ರಬಂಧವನ್ನು ಇಂಗ್ಲಿಷಿನಲ್ಲಿಯೇ ಬರೆದರೂ ಆಧಾರಗಳಲ್ಲಿ ಆ ಕನ್ನಡದ ಅಹವಾಲು ಸೇರಲಿ. ಉದ್ಯಮಕ್ಕೆ ಸಮಾಜದ ಹೊಣೆಯಿರುವಂತೆ ಸಂಶೋಧನೆಗೂ ಒಂದು ಹೊಣೆಯಿದೆ: ಯಾರನ್ನು ಕುರಿತು ಮಾತನಾಡುತ್ತೇವೆಯೋ ಅವರನ್ನು ಒಮ್ಮೆಯಾದರೂ ಕೇಳುವುದು.