ಸಹೋದರಿಯರ ಮಾತೆಲ್ಲಿ?

ದಿವಂಗತ ಪೋಪ್ ಫ್ರಾನ್ಸಿಸ್ 2020ರ ಅಕ್ಟೋಬರ್‌ನಲ್ಲಿ ಹೊರಡಿಸಿದ ಬೋಧನಾ ಪತ್ರ 'ಫ್ರತೆಲ್ಲಿ ತುತ್ತಿ'. ಹಾಗೆಂದರೆ 'ಸಹೋದರರೆಲ್ಲರೂ'. ಅದನ್ನು ಬರೆಯಲು ಅಲ್-ಅಝ್‌ಹರ್‌ನ ಇಮಾಮ್ ಅಹ್ಮದ್ ಅಲ್-ತಯ್ಯಿಬ್‌ರಿಂದಲೂ ಪ್ರೇರಣೆ ಪಡೆದುದಾಗಿ ಪೋಪರೇ ಹೇಳಿದ್ದಾರೆ.

ಪತ್ರದಲ್ಲಿ ನಮ್ಮನ್ನು ತಟ್ಟಿದ್ದು ವಲಸೆಯ ಕುರಿತ ಭಾಗ. ವಲಸಿಗರಿಗೆ ಹೋದಲ್ಲಿ ಗೌರವ ಸಿಗಬೇಕು. ಹುಟ್ಟಿದೂರನ್ನು ಬಿಡದೆ ಮಾನದಿಂದ ಬಾಳುವುದೂ ಅವರ ಹಕ್ಕು ಎನ್ನುತ್ತದೆ ಅದು. ಯಾದಗಿರಿ, ಶಹಾಪುರ, ಸುರಪುರದ ಜನರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಾರಾಯಣಪುರದ ಕಾಲುವೆ ನೀರು ಬಂದ ಮೇಲೂ ಇಲ್ಲಿಯ ಬಡ ಕುಟುಂಬಗಳು ಬೆಂಗಳೂರು, ಮುಂಬಯಿಗಳ ಕಟ್ಟಡ ಕೆಲಸಕ್ಕೆ ಗುಳೆ ಹೋಗುತ್ತಿವೆ. ಗಾರೆ ಹೊರುವ ಹೆಂಗಸಿಗೆ ಹಲವೆಡೆ ಗಂಡಸಿಗಿಂತ ಕಡಿಮೆ ಕೂಲಿ.

ಸ್ತ್ರೀಗೆ ಸಮಾನ ಘನತೆ ಇನ್ನೂ ದಕ್ಕಿಲ್ಲವೆಂದು ಪತ್ರ ಒಪ್ಪುತ್ತದೆ. ಆದರೆ ಆಕೆಯ ಸ್ವಂತ ಮಾತು ಅದರಲ್ಲಿ ಕೇಳಿಸುವುದು ಕಡಿಮೆ. ಹೆಸರಿನಲ್ಲೇ ಸಹೋದರಿಯರಿಲ್ಲವೆಂದು ಕಥೋಲಿಕ ಮಹಿಳೆಯರೇ ಅಂದು ಆಕ್ಷೇಪಿಸಿದ್ದರು. ವ್ಯಾಟಿಕನ್‌ನ ಸಿನೊಡ್ ಸಭೆಯಲ್ಲಿ ಮಹಿಳೆಯರಿಗೆ ಮತದಾನದ ಹಕ್ಕು ಮೊದಲ ಬಾರಿ ಸಿಕ್ಕಿದ್ದು 2023ರಲ್ಲಿ.

ಇದನ್ನು ಹೇಳಿ ನಾವು ಬೀಗುವಂತಿಲ್ಲ. ನಮ್ಮ ಎಷ್ಟು ಮಸೀದಿ ಸಮಿತಿಗಳಲ್ಲಿ ಮಹಿಳೆಯರಿದ್ದಾರೆ? ಗುಳೆ ಹೋಗುವ ತಾಯಿಗೆ ನ್ಯಾಯ ಬೇಕೆನ್ನುವ ಧರ್ಮ ಯಾವುದೇ ಇರಲಿ, ಮೊದಲು ಆಕೆಯನ್ನು ಸಭೆಗೆ ಕರೆದು ಕೂರಿಸಿ ಕೇಳಲಿ.