ಉಕ್ಕು ಹೊತ್ತ ಕೂದಲು

ಉಕ್ಕಿನ ಊರಾದ ಭದ್ರಾವತಿಯಲ್ಲಿ 1957ರಲ್ಲಿ ಜನಿಸಿದ ಶೀಲಾ ಗೌಡರ ‘ಬಿಹೋಲ್ಡ್’ ಕೃತಿ 2009ರಲ್ಲಿ ವೆನಿಸ್ಸಿನಲ್ಲಿ ಪ್ರದರ್ಶಿತವಾಗಿ, ಈಗ ಲಂಡನ್ನಿನ ಟೇಟ್ ಸಂಗ್ರಹಕ್ಕೆ ಸೇರಿದೆ. ಸುಮಾರು 4,000 ಮೀಟರು ಕೂದಲ ಹಗ್ಗ. ಅದರಲ್ಲಿ ತೂಗುವ ಕಾರಿನ ಬಂಪರುಗಳು. ನಾನು ಕಂಡದ್ದು ಚಿತ್ರಗಳಲ್ಲಿ ಮಾತ್ರ.

ಪರದೇಶದ ರಸಿಕರಿಗೆ ಇದು ಪೌರ್ವಾತ್ಯ ರಹಸ್ಯವೆನಿಸೀತು. ಶಿಕಾರಿಪುರ-ಸೊರಬದ ದಾರಿಯಲ್ಲಿ ಓಡಾಡುವ ನಮಗೆ ರಹಸ್ಯವೆಲ್ಲಿ ಬಂತು? ದೃಷ್ಟಿ ತಾಗದಿರಲೆಂದು ವಾಹನಕ್ಕೆ ಕಟ್ಟುವ ಹಗ್ಗವೇ ಅದು! ಗುಡಿಗಾರರ ಗಂಧದ ಕೆತ್ತನೆಗೆ ಒಗ್ಗಿದ ಸೊರಬದ ಕಣ್ಣು, ಇದರಲ್ಲಿ ಕೈಚಳಕವೇನಿದೆಯೆಂದೂ ಕೇಳೀತು. ಕೇಳಲಿ, ಆದರೆ ಇನ್ನೊಮ್ಮೆ ನೋಡಲಿ. ರಸ್ತೆಯಲ್ಲಿ ಹಗ್ಗವು ಬಂಪರಿಗೆ ಅಂಟಿಕೊಂಡಿರುತ್ತದೆ. ಇಲ್ಲಿ ಬಂಪರೇ ಹಗ್ಗಕ್ಕೆ ಜೋತುಬಿದ್ದಿದೆ. ಯಾರೋ ಹರಕೆ ಹೊತ್ತು ದೇವರಿಗೊಪ್ಪಿಸಿದ ಮುಡಿ, ಅಷ್ಟು ಭಾರದ ಉಕ್ಕನ್ನು ಗೋಡೆಯ ಮೇಲೆ ಹಿಡಿದು ನಿಲ್ಲಿಸಿದೆ.