ಮೊದಲು ಕೂರುವ ತುದಿ, ಆಮೇಲೆ ಹಲ್ಲು

ಮಲ್ಟಿ ಟೂಲ್‌ನ ಬ್ಲೇಡು ಗಿರ್ರನೆ ತಿರುಗುವುದಿಲ್ಲ. ಮೂರ್ನಾಲ್ಕು ಡಿಗ್ರಿಯಷ್ಟೇ ಅತ್ತಿತ್ತ, ನಿಮಿಷಕ್ಕೆ 10,000ಕ್ಕೂ ಹೆಚ್ಚು ಬಾರಿ ಅದುರುತ್ತ, ಬಾಗಿಲ ಚೌಕಟ್ಟಿನ ಬುಡವನ್ನು ನೆಲಕ್ಕೆ ಸಮನಾಗಿ ಕೊಯ್ಯುತ್ತದೆ. ಇಷ್ಟು ಅದುರಾಟದಲ್ಲಿ ಹಿಡಿತ ಸಡಿಲವಾದರೆ ಕೆಲಸ ಕೆಟ್ಟಂತೆಯೇ. ಹಾಗಾಗಿ ಹೊಸ ಬ್ಲೇಡು ಕೊಳ್ಳುವವರು ಮೊದಲು ನೋಡಬೇಕಾದ್ದು ಅದು ಯಂತ್ರಕ್ಕೆ ಕೂರುವ ತುದಿಯನ್ನು.

ಜರ್ಮನಿಯ ಫೈನ್ ಮತ್ತು ಬಾಷ್ ಕಂಪನಿಗಳು ಸೇರಿ ರೂಪಿಸಿದ ಸ್ಟಾರ್‌ಲಾಕ್ ಇಲ್ಲಿ ಮನಸಾರೆ ಮೆಚ್ಚಬೇಕಾದ ವಿನ್ಯಾಸ. ಚಪ್ಪಟೆ ತೂತಿನ ಬದಲು ಬಟ್ಟಲಿನಂತೆ ತಗ್ಗಾದ ನಕ್ಷತ್ರ. ಒತ್ತಿದರೆ ಟಕ್ಕನೆ ಕೂರುತ್ತದೆ. ಸಾದಾ ಸ್ಟಾರ್‌ಲಾಕ್ ಬ್ಲೇಡು ಅದೇ ಸಾಲಿನ ಹೆಚ್ಚು ಶಕ್ತಿಯ ಪ್ಲಸ್, ಮ್ಯಾಕ್ಸ್ ಯಂತ್ರಗಳಿಗೂ ಹೊಂದುತ್ತದೆ. ಮ್ಯಾಕ್ಸ್ ಬ್ಲೇಡು ಮಾತ್ರ ಚಿಕ್ಕ ಯಂತ್ರಕ್ಕೆ ಕೂರುವುದೇ ಇಲ್ಲ. ಸಣ್ಣ ಮೋಟಾರಿಗೆ ಭಾರ ಬೀಳದಂತೆ ಆಕಾರದಲ್ಲೇ ಇಟ್ಟ ತಡೆ ಅದು. ಎಂಥ ಮುಂದಾಲೋಚನೆ!

ಆಮೇಲೆ ಹಲ್ಲು. ಮೊಳೆ ಹೊಕ್ಕ ಮರಕ್ಕೆ ಬೈಮೆಟಲ್, ಗಟ್ಟಿ ಸ್ಕ್ರೂಗೆ ಕಾರ್ಬೈಡ್.